ತೆರಿಗೆ ಬಂತು, ಕಾನೂನು ಬರಲಿಲ್ಲ: ಕ್ರಿಪ್ಟೊ ವಿಚಾರದಲ್ಲಿ ನಿರ್ಮಲಾ ಸೀತಾರಾಮನ್ ನಡೆ

ಸಂಸತ್ತಿನ ಅಧಿವೇಶನದ ಪಟ್ಟಿಯಲ್ಲಿ ಎರಡು ಸಲ ಹೆಸರು ಕಾಣಿಸಿಕೊಂಡು, ಒಂದು ಸಲವೂ ಮಂಡನೆಯಾಗದ ಮಸೂದೆಯೊಂದಿದೆ. 2021ರ ಬಜೆಟ್ ಅಧಿವೇಶನಕ್ಕೆ ಒಮ್ಮೆ, ಅದೇ ವರ್ಷದ ಚಳಿಗಾಲದ ಅಧಿವೇಶನಕ್ಕೆ ಇನ್ನೊಮ್ಮೆ ‘ಕ್ರಿಪ್ಟೊಕರೆನ್ಸಿ ಮತ್ತು ಅಧಿಕೃತ ಡಿಜಿಟಲ್ ಕರೆನ್ಸಿ ನಿಯಂತ್ರಣ ಮಸೂದೆ’ಯನ್ನು ಪಟ್ಟಿಗೆ ಸೇರಿಸಲಾಗಿತ್ತು. ಖಾಸಗಿ ಕ್ರಿಪ್ಟೊಕರೆನ್ಸಿಗಳನ್ನೆಲ್ಲ ನಿಷೇಧಿಸುವುದು, ಅವುಗಳ ಹಿಂದಿನ ತಂತ್ರಜ್ಞಾನ ಬೆಳೆಯಲೆಂದು ಕೆಲವು ವಿನಾಯಿತಿ ಕೊಡುವುದು, ರಿಸರ್ವ್ ಬ್ಯಾಂಕಿನ ಡಿಜಿಟಲ್ ರೂಪಾಯಿಗೆ ಚೌಕಟ್ಟು ಹಾಕುವುದು ಅದರ ಉದ್ದೇಶ ಎಂದು ಕೆಲವೇ ಸಾಲುಗಳಲ್ಲಿ ಬರೆಯಲಾಗಿತ್ತು. 2021ರ ಆ ಮಸೂದೆಯ ಪೂರ್ಣ ಪಠ್ಯವನ್ನು ಸರ್ಕಾರ ಸಾರ್ವಜನಿಕರ ಮುಂದೆ ಇಡಲೇ ಇಲ್ಲ.

ಆ ಮಸೂದೆ ಬರಬೇಕಿದ್ದದ್ದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರ ಖಾತೆಯಿಂದ. 2016ರಿಂದ ಅವರು ರಾಜ್ಯಸಭೆಯಲ್ಲಿ ಪ್ರತಿನಿಧಿಸುತ್ತಿರುವುದು ಕರ್ನಾಟಕವನ್ನು. 2019ರ ಮೇ ತಿಂಗಳಿಂದ ಹಣಕಾಸು ಖಾತೆ ಅವರ ಕೈಯಲ್ಲಿದೆ. ಹಾಗಾಗಿ ದೇಶದಲ್ಲಿ ಕ್ರಿಪ್ಟೊ, ಅಂದರೆ ಬಿಟ್‌ಕಾಯಿನ್‌ನಂಥ ಡಿಜಿಟಲ್ ನಾಣ್ಯಗಳ ಕುರಿತು ಕೇಂದ್ರ ಏನು ಮಾಡಿದೆ, ಏನು ಮಾಡಿಲ್ಲ ಎಂಬುದರ ಬಹುಪಾಲು ಅವರ ಹೆಸರಿನಲ್ಲೇ ದಾಖಲಾಗಿದೆ. ಆ ದಾಖಲೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ತೆರಿಗೆ ಹಣಕಾಸು ಮಸೂದೆಯ ಒಳಗೆ ಬಂತು, ನಿಗಾ ವ್ಯವಸ್ಥೆ ಗೆಜೆಟ್ ಅಧಿಸೂಚನೆಯಲ್ಲಿ ಬಂತು, ನಿಲುವು ಪ್ರಶ್ನೋತ್ತರಗಳಲ್ಲಿ ಬಂತು. ಕ್ರಿಪ್ಟೊ ಎಂದರೇನು, ಅದನ್ನು ಕೊಂಡವನ ಹಕ್ಕೇನು, ಮಾರುವವನ ಹೊಣೆಯೇನು ಎಂದು ಹೇಳುವ ಕಾನೂನೊಂದನ್ನು ಸಂಸತ್ತು ಈವರೆಗೆ ಚರ್ಚಿಸಿಯೇ ಇಲ್ಲ. ಇದು ಆಲಸ್ಯದಿಂದ ಆದದ್ದಲ್ಲ, ಯೋಚಿಸಿಯೇ ಆಯ್ದುಕೊಂಡ ದಾರಿ ಎಂಬುದು ನನ್ನ ಓದು. ಆ ದಾರಿಯ ಪರವಾಗಿ ಹೇಳಲು ಸ್ವಲ್ಪ ಇದೆ, ವಿರುದ್ಧವಾಗಿ ಹೇಳಲು ಬಹಳ ಇದೆ.

ಅವರ ಕೈಗೆ ಬಂದಾಗ

ಸೀತಾರಾಮನ್ ಖಾತೆ ವಹಿಸಿಕೊಳ್ಳುವ ಹೊತ್ತಿಗೆ ಕಡತ ಆಗಲೇ ದಪ್ಪವಾಗಿತ್ತು. ರಿಸರ್ವ್ ಬ್ಯಾಂಕ್ 2013ರ ಡಿಸೆಂಬರ್‌ನಲ್ಲೇ ಜನರಿಗೆ ಎಚ್ಚರಿಕೆ ಕೊಟ್ಟಿತ್ತು. 2018ರ ಬಜೆಟ್ ಭಾಷಣದಲ್ಲಿ ಅರುಣ್ ಜೇಟ್ಲಿ, ಸರ್ಕಾರ ಇದನ್ನು ಕಾನೂನುಬದ್ಧ ಚಲಾವಣೆ ಎಂದು ಒಪ್ಪುವುದಿಲ್ಲ ಎಂದಿದ್ದರು. ಅದೇ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿ, ಕ್ರಿಪ್ಟೊ ವ್ಯವಹಾರ ಮಾಡುವವರಿಗೆ ಯಾವ ಸೇವೆಯನ್ನೂ ಕೊಡಬಾರದು ಎಂದು ಬ್ಯಾಂಕುಗಳಿಗೆ ತಾಕೀತು ಮಾಡಿತು.

ಆ ಸುತ್ತೋಲೆಯ ಬಿಸಿ ಬೆಂಗಳೂರಿಗೂ ತಟ್ಟಿತು. ತುಮಕೂರಿನಲ್ಲಿ ಶುರುವಾದ ಯುನೊಕಾಯಿನ್ ಎಂಬ ಕಂಪನಿ, ಬ್ಯಾಂಕಿನ ಬಾಗಿಲು ಮುಚ್ಚಿದ ಮೇಲೆ ನಗದಿನ ದಾರಿ ಹುಡುಕಿ, 2018ರ ಅಕ್ಟೋಬರ್‌ನಲ್ಲಿ ಹಳೆ ವಿಮಾನ ನಿಲ್ದಾಣ ರಸ್ತೆಯ ಕೆಂಪ್‌ಫೋರ್ಟ್ ಮಾಲ್‌ನಲ್ಲಿ ಎಟಿಎಂ ಮಾದರಿಯ ಯಂತ್ರವೊಂದನ್ನು ನಿಲ್ಲಿಸಿತು. ಕೆಲವೇ ದಿನಗಳಲ್ಲಿ ಸೈಬರ್ ಅಪರಾಧ ಪೊಲೀಸರು ಯಂತ್ರವನ್ನು ಹೊತ್ತೊಯ್ದರು, ಸಂಸ್ಥಾಪಕರನ್ನು ಬಂಧಿಸಿದರು. ಕ್ರಿಪ್ಟೊ ಮಾರುವುದು ಅಪರಾಧ ಎನ್ನುವ ಕಾಯ್ದೆ ಆಗ ಇರಲಿಲ್ಲ. ಈಗಲೂ ಇಲ್ಲ.

ಸೀತಾರಾಮನ್ ಸಚಿವೆಯಾಗಿ ಎರಡು ತಿಂಗಳೂ ತುಂಬಿರಲಿಲ್ಲ, 2019ರ ಜುಲೈ 22ರಂದು ಸುಭಾಷ್ ಚಂದ್ರ ಗರ್ಗ್ ನೇತೃತ್ವದ ಅಂತರ ಸಚಿವಾಲಯ ಸಮಿತಿಯ ವರದಿ ಹೊರಬಿತ್ತು. ಪೂರ್ತಿ ನಿಷೇಧ ಹೇರಿ, ಉಲ್ಲಂಘಿಸಿದವರಿಗೆ ಹತ್ತು ವರ್ಷದವರೆಗೂ ಜೈಲು ವಿಧಿಸುವ ಕರಡು ಮಸೂದೆಯನ್ನು ಸಮಿತಿ ಲಗತ್ತಿಸಿತ್ತು. ಸಚಿವೆ ಅದನ್ನು ಒಪ್ಪಿಕೊಂಡು ಸದನಕ್ಕೆ ತರಲಿಲ್ಲ, ತಿರಸ್ಕರಿಸಿದೆವೆಂದೂ ಹೇಳಲಿಲ್ಲ.

2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ರಿಸರ್ವ್ ಬ್ಯಾಂಕಿನ ಸುತ್ತೋಲೆಯನ್ನು ರದ್ದು ಮಾಡಿತು. ಸುತ್ತೋಲೆ ಹೊರಡಿಸುವ ಅಧಿಕಾರ ರಿಸರ್ವ್ ಬ್ಯಾಂಕಿಗೆ ಇದೆ, ಆದರೆ ಕೈಗೊಂಡ ಕ್ರಮ ಅಪಾಯಕ್ಕಿಂತ ಅತಿಯಾಯಿತು ಎಂಬುದು ತೀರ್ಪಿನ ತಿರುಳು. ಅದರಲ್ಲೇ ಇನ್ನೊಂದು ಮಾತಿದೆ, ಅದು ನೇರವಾಗಿ ಸರ್ಕಾರಕ್ಕೆ ತಾಗುವಂಥದ್ದು. ಹಲವು ಸಮಿತಿಗಳಾದವು, ಒಂದಕ್ಕೊಂದು ತದ್ವಿರುದ್ಧವಾದ ಎರಡು ಕರಡು ಮಸೂದೆಗಳೂ ಬಂದವು, ಆದರೂ ಕೇಂದ್ರಕ್ಕೆ ನಿರ್ಧಾರಕ್ಕೆ ಬರಲಾಗಿಲ್ಲ ಎಂದು ನ್ಯಾಯಪೀಠ ದಾಖಲಿಸಿತು. ನಿರ್ಧರಿಸುವ ಕೆಲಸ ಅಲ್ಲಿಗೆ ಸಂಸತ್ತಿನ ಅಂಗಳಕ್ಕೆ ಬಂದು ಬಿತ್ತು.

ನಂತರ ನಡೆದದ್ದು ಎಲ್ಲರಿಗೂ ನೆನಪಿದೆ. ಲಾಕ್‌ಡೌನ್, ಮನೆಯಲ್ಲೇ ಕುಳಿತ ಯುವಕರು, ಮೊಬೈಲ್‌ನಲ್ಲಿ ನೂರು ರೂಪಾಯಿಗೂ ಬಿಟ್‌ಕಾಯಿನ್ ಚೂರು ಕೊಡುವ ಆ್ಯಪ್‌ಗಳು. 2021ರ ಐಪಿಎಲ್ ಮತ್ತು ಟಿ20 ವಿಶ್ವಕಪ್ ನಡುವೆ ಓವರ್ ಮುಗಿದರೆ ಸಾಕು, ಕ್ರಿಪ್ಟೊ ಜಾಹೀರಾತು. ಬೆಂಗಳೂರಿನ ಕ್ರಿಪ್ಟೊ ಕಂಪನಿ ಕಾಯಿನ್‌ಸ್ವಿಚ್ ಆ ಅಕ್ಟೋಬರ್‌ನಲ್ಲಿ ಯೂನಿಕಾರ್ನ್ (ಶತಕೋಟಿ ಡಾಲರ್ ಮೌಲ್ಯದ ನವೋದ್ಯಮ) ಪಟ್ಟ ಸೇರಿತು. ನವೆಂಬರ್‌ನಲ್ಲಿ ಪ್ರಧಾನಿ ಸಭೆ ಕರೆದರು, ಜಯಂತ್ ಸಿನ್ಹಾ ಅಧ್ಯಕ್ಷತೆಯ ಹಣಕಾಸು ಸ್ಥಾಯಿ ಸಮಿತಿ ಉದ್ಯಮದವರನ್ನು ಕರೆಸಿ ಕೇಳಿತು. ಅದೇ ತಿಂಗಳ 23ರ ರಾತ್ರಿ ನಿಷೇಧ ಮಸೂದೆಯ ಹೆಸರು ಪಟ್ಟಿಯಲ್ಲಿ ಕಾಣುತ್ತಿದ್ದಂತೆ ದೇಶದ ಎಕ್ಸ್‌ಚೇಂಜ್‌ಗಳಲ್ಲಿ, ಅಂದರೆ ಕ್ರಿಪ್ಟೊ ಕೊಳ್ಳುವ ಮಾರುವ ತಾಣಗಳಲ್ಲಿ, ಜನ ಗಾಬರಿಬಿದ್ದು ಮಾರಿದರು. ವಿದೇಶಿ ಮಾರುಕಟ್ಟೆಯಲ್ಲಿ ಅಷ್ಟಾಗಿ ಕುಸಿಯದ ಬೆಲೆ ಇಲ್ಲಿ ಕುಸಿಯಿತು. ಮಂಡನೆಯೇ ಆಗದ ಮಸೂದೆಯ ಹೆಸರೊಂದೇ ಸಾವಿರಾರು ಜನರಿಗೆ ನಷ್ಟ ಮಾಡಿಸಿತ್ತು.

2022ರ ಫೆಬ್ರುವರಿ

ಫೆಬ್ರುವರಿ 1ರ ಬಜೆಟ್‌ನಲ್ಲಿ ಸೀತಾರಾಮನ್ ಹೊಸ ದಾರಿ ತೆರೆದರು. ನಿಷೇಧವೂ ಅಲ್ಲ, ಮಾನ್ಯತೆಯೂ ಅಲ್ಲ, ತೆರಿಗೆ. ‘ವರ್ಚುವಲ್ ಡಿಜಿಟಲ್ ಆಸ್ತಿ’ ಎಂಬ ಹೊಸ ಹೆಸರು ಕೊಟ್ಟು, ಅದರ ಲಾಭದ ಮೇಲೆ ನೇರ ಶೇ 30 ತೆರಿಗೆ ಹಾಕಿದರು. ಕೊಂಡ ಬೆಲೆ ಬಿಟ್ಟು ಬೇರಾವ ಖರ್ಚನ್ನೂ ಕಳೆಯುವಂತಿಲ್ಲ. ಪ್ರತಿ ಮಾರಾಟದ ಮೊತ್ತದ ಮೇಲೆ ಶೇ 1 ಟಿಡಿಎಸ್, ಅಂದರೆ ಮೂಲದಲ್ಲೇ ಕಡಿತವಾಗುವ ತೆರಿಗೆ. ಮೊದಲನೆಯದು ಆ ವರ್ಷದ ಏಪ್ರಿಲ್ 1ರಿಂದ, ಎರಡನೆಯದು ಜುಲೈ 1ರಿಂದ ಜಾರಿಯಾದವು. ರಿಸರ್ವ್ ಬ್ಯಾಂಕ್ ಡಿಜಿಟಲ್ ರೂಪಾಯಿ ತರಲಿದೆ ಎಂದೂ ಅದೇ ಭಾಷಣದಲ್ಲಿ ಹೇಳಿದರು. ಭಾಷಣದ ನಂತರದ ಪತ್ರಿಕಾಗೋಷ್ಠಿಯಲ್ಲಿ ಅವರು ಕೊಟ್ಟ ವಿವರಣೆ ಸರಳ: ಕೇಂದ್ರೀಯ ಬ್ಯಾಂಕ್ ಹೊರಡಿಸಿದ್ದು ಮಾತ್ರ ಕರೆನ್ಸಿ, ಉಳಿದದ್ದೆಲ್ಲ ಜನ ತಮ್ಮತಮ್ಮಲ್ಲಿ ಮಾಡಿಕೊಂಡ ಆಸ್ತಿ. ಆಸ್ತಿಯಿಂದ ಲಾಭ ಬಂದರೆ ತೆರಿಗೆ.

ಹತ್ತು ದಿನದ ಮೇಲೆ ರಾಜ್ಯಸಭೆಯಲ್ಲಿ ಬಜೆಟ್ ಚರ್ಚೆಗೆ ಉತ್ತರಿಸುವಾಗ ಅದೇ ಪ್ರಶ್ನೆ ಮತ್ತೆ ಬಂತು. ತೆರಿಗೆ ಹಾಕಿದ್ದರಿಂದ ಕ್ರಿಪ್ಟೊ ಸಕ್ರಮವಾಯಿತೇ? ಸಕ್ರಮವೋ ಅಕ್ರಮವೋ ಎಂಬುದು ಬೇರೆ ಪ್ರಶ್ನೆ, ತೆರಿಗೆ ಹಾಕುವುದು ಸರ್ಕಾರದ ಸಾರ್ವಭೌಮ ಹಕ್ಕು, ನಿಷೇಧಿಸಬೇಕೇ ಬೇಡವೇ ಎಂಬುದು ಸಮಾಲೋಚನೆ ಮುಗಿದ ಮೇಲೆ ತೀರ್ಮಾನವಾಗುತ್ತದೆ ಎಂಬ ಅರ್ಥದಲ್ಲಿ ಅವರು ಉತ್ತರಿಸಿದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು ಎಂದು ಆಗ ಹಲವರು ಆಡಿಕೊಂಡರು. ಆದರೆ ಕಾನೂನಿನ ದೃಷ್ಟಿಯಲ್ಲಿ ಸಚಿವೆ ಹೇಳಿದ್ದು ತಪ್ಪಲ್ಲ. ಆದಾಯ ತೆರಿಗೆ ಕಾಯ್ದೆಗೆ ಹಣ ಎಲ್ಲಿಂದ ಬಂತು ಎಂಬುದು ಮುಖ್ಯವಲ್ಲ, ಬಂತೋ ಇಲ್ಲವೋ ಎಂಬುದಷ್ಟೇ ಮುಖ್ಯ. ಕಳ್ಳಸಾಗಣೆಯ ಆದಾಯಕ್ಕೂ ತೆರಿಗೆ ಉಂಟು ಎಂದು ನ್ಯಾಯಾಲಯಗಳು ಎಂದೋ ಹೇಳಿವೆ.

ಕಳ್ಳಸಾಗಣೆಯ ಮಾತು ಬಂದದ್ದರಿಂದ ಒಂದು ಅಡ್ಡಕಥೆ. 1950ರ ದಶಕದಲ್ಲಿ ಚಿನ್ನ ತರಲೆಂದು ನೋಟಿನ ಕಟ್ಟು ಹೊತ್ತು ಪಾಕಿಸ್ತಾನದ ಗಡಿ ದಾಟುತ್ತಿದ್ದವನೊಬ್ಬ ಸಿಕ್ಕಿಬಿದ್ದ, ಹಣ ಮುಟ್ಟುಗೋಲಾಯಿತು. ಆ ಮುಟ್ಟುಗೋಲನ್ನು ಅವನ ‘ವ್ಯಾಪಾರದ ನಷ್ಟ’ವೆಂದು ಲೆಕ್ಕದಲ್ಲಿ ಕಳೆಯಬೇಕು ಎಂದು 1980ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆಮೇಲೆ ಕಾಯ್ದೆ ಬಿಗಿಯಾಯಿತು, ಅದು ಬೇರೆ ಮಾತು. ಆದರೆ ಅಂದು ಕಳ್ಳಸಾಗಣೆದಾರನಿಗೆ ಸಿಕ್ಕ ಆ ಸವಲತ್ತು 2022ರ ಕ್ರಿಪ್ಟೊ ಹೂಡಿಕೆದಾರನಿಗೆ ಸಿಗಲಿಲ್ಲ.

ಏಕೆಂದರೆ ಮಾರ್ಚ್ ತಿಂಗಳಲ್ಲಿ ಹಣಕಾಸು ಮಸೂದೆಗೆ ಬಂದ ತಿದ್ದುಪಡಿಯೊಂದು ಈ ನಿಯಮವನ್ನು ಇನ್ನೂ ಒಂದು ಸುತ್ತು ಬಿಗಿ ಮಾಡಿತು. ಒಂದು ನಾಣ್ಯದ ನಷ್ಟವನ್ನು ಸಂಬಳದ, ಬಾಡಿಗೆಯ ಆದಾಯದಲ್ಲಿ ಕಳೆಯುವಂತಿಲ್ಲ ಎಂಬುದು ಮೊದಲೇ ಇತ್ತು. ಈಗ ಇನ್ನೊಂದು ನಾಣ್ಯದ ಲಾಭದಲ್ಲೂ ಕಳೆಯುವಂತಿಲ್ಲ ಎಂದಾಯಿತು. ಲೆಕ್ಕ ಹೀಗೆ: ಒಬ್ಬರು ಬಿಟ್‌ಕಾಯಿನ್‌ನಲ್ಲಿ 1 ಲಕ್ಷ ರೂಪಾಯಿ ಗಳಿಸಿದರು, ಅದೇ ವರ್ಷ ಈಥರ್‌ನಲ್ಲಿ 1 ಲಕ್ಷ ಕಳೆದುಕೊಂಡರು. ಒಟ್ಟು ಗಳಿಕೆ ಸೊನ್ನೆ. ಕಟ್ಟಬೇಕಾದ ತೆರಿಗೆ 30,000 ರೂಪಾಯಿ, ಅದರ ಮೇಲೆ ಶೇ 4 ಸೆಸ್ ಸೇರಿ 31,200. ಕಳೆದುಕೊಂಡ ಒಂದು ಲಕ್ಷವನ್ನು ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲ. ಇದೇ ವ್ಯಕ್ತಿ ಷೇರು ಕೊಂಡಿದ್ದರೆ ಬಂಡವಾಳ ನಷ್ಟವನ್ನು ಎಂಟು ವರ್ಷ ಮುಂದಕ್ಕೆ ಒಯ್ಯಬಹುದಿತ್ತು.

1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಈ ನಿಯಮಕ್ಕೆ ಸಿಕ್ಕ ಜಾಗವನ್ನೂ ಗಮನಿಸಬೇಕು. ಕ್ರಿಪ್ಟೊ ತೆರಿಗೆಯ ಸೆಕ್ಷನ್ 115ಬಿಬಿಎಚ್. ಅದೇ ಸಾಲಿನ ಮೊದಲಿನ 115ಬಿಬಿ ಲಾಟರಿ, ಪದಬಂಧ, ಇಸ್ಪೀಟು ಮತ್ತು ಕುದುರೆ ರೇಸಿನ ಗೆಲುವಿಗೆ ಶೇ 30 ತೆರಿಗೆ ಹಾಕುವ ಸೆಕ್ಷನ್. ಸಚಿವೆ ಬಾಯಲ್ಲಿ ಆಸ್ತಿ ಎಂದದ್ದನ್ನು ಅವರ ಮಸೂದೆ ರೇಸ್‌ಕೋರ್ಸಿನ ಪಕ್ಕದಲ್ಲಿ ತಂದು ನಿಲ್ಲಿಸಿತು. 2025ರ ಹೊಸ ಆದಾಯ ತೆರಿಗೆ ಕಾಯ್ದೆಗೂ ಇದೇ ದರ, ಇದೇ ಧೋರಣೆ ದಾಟಿಬಂದಿದೆ.

ಟಿಡಿಎಸ್ ವಿಷಯ ಇನ್ನೂ ಸೂಕ್ಷ್ಮ. ಶೇ 1 ಎಂದರೆ ಕೇಳಲು ಸಣ್ಣದು. ಅದು ಬೀಳುವುದು ಲಾಭದ ಮೇಲಲ್ಲ, ಮಾರಿದ ಪೂರ್ತಿ ಮೊತ್ತದ ಮೇಲೆ. 1 ಲಕ್ಷ ಇಟ್ಟುಕೊಂಡು ಕೊಳ್ಳುವುದು ಮಾರುವುದು ಮಾಡುವವನ ಬಂಡವಾಳ, ಬೆಲೆ ಒಂದು ಪೈಸೆ ಏರದೆ ಇಳಿಯದೆ ಇದ್ದರೂ, ಹತ್ತು ಮಾರಾಟದಲ್ಲಿ ಸುಮಾರು 90,400ಕ್ಕೆ ಇಳಿಯುತ್ತದೆ, ಐವತ್ತು ಮಾರಾಟದಲ್ಲಿ 60,500ಕ್ಕೆ. ಹಿಡಿದಿಟ್ಟ ಹಣ ಮುಂದಿನ ವರ್ಷ ರಿಟರ್ನ್ಸ್ ಸಲ್ಲಿಸಿ ತೆರಿಗೆಗೆ ಹೊಂದಿಸಿಕೊಂಡ ಮೇಲೆ ವಾಪಸ್ ಸಿಗುತ್ತದೆ, ನಿಜ. ಅಷ್ಟರವರೆಗೆ ಕೈ ಕಟ್ಟಿದಂತೆ. ಎಕ್ಸ್‌ಚೇಂಜ್ ಶುಲ್ಕದ ಮೇಲಿನ ಶೇ 18 ಜಿಎಸ್‌ಟಿ ಬೇರೆ.

ಸರ್ಕಾರಕ್ಕೆ ಇದರಿಂದ ಬಂದದ್ದೆಷ್ಟು? ಸಂಸತ್ತಿಗೆ ಕೊಟ್ಟ ಉತ್ತರಗಳ ಪ್ರಕಾರ ಶೇ 30ರ ತೆರಿಗೆಯಿಂದ 2022–23ರಲ್ಲಿ 269 ಕೋಟಿ, 2023–24ರಲ್ಲಿ 437 ಕೋಟಿ ರೂಪಾಯಿ. ಆ ಎರಡನೆಯ ವರ್ಷ ದೇಶದ ನಿವ್ವಳ ನೇರ ತೆರಿಗೆ ಸಂಗ್ರಹ 19 ಲಕ್ಷ ಕೋಟಿ ದಾಟಿತ್ತು. ಬೊಕ್ಕಸ ತುಂಬಿಸಲು ಹಾಕಿದ ತೆರಿಗೆ ಇದಲ್ಲ. ಜನ ಇದರ ಹತ್ತಿರ ಹೋಗದಿರಲಿ ಎಂದು ಹಾಕಿದ ಬೇಲಿ, ಜೊತೆಗೆ ಯಾರು ಎಷ್ಟು ಮಾರುತ್ತಿದ್ದಾರೆ ಎಂದು ತಿಳಿಯಲು ಇಟ್ಟ ಕಣ್ಣು. ಟಿಡಿಎಸ್ ಕಣ್ಣಿನ ಕೆಲಸ ಮಾಡಿದೆ: 2024–25ರಲ್ಲಿ ಅದರ ಸಂಗ್ರಹ 500 ಕೋಟಿ ದಾಟಿತು, ರಾಜ್ಯವಾರು ಪಟ್ಟಿಯಲ್ಲಿ ಮಹಾರಾಷ್ಟ್ರದ ನಂತರದ ಸ್ಥಾನ ಕರ್ನಾಟಕದ್ದು. ಕಂಪನಿಗಳ ಕಚೇರಿ ಇಲ್ಲಿರುವುದೂ ಅದಕ್ಕೊಂದು ಕಾರಣ ಇರಬಹುದು, ಇಲ್ಲಿನವರೆಲ್ಲ ಕ್ರಿಪ್ಟೊ ಹುಚ್ಚರು ಎಂದು ಅರ್ಥ ಮಾಡಿಕೊಳ್ಳಬೇಕಿಲ್ಲ.

ಬೇಲಿ ಹಾಕಿದ್ದರ ಪರವಾಗಿ ಒಂದು ವಾದ ಇದೆ, ಅದನ್ನು ತಳ್ಳಿಹಾಕಲಾಗದು. 2022ರ ಮೇ ತಿಂಗಳಲ್ಲಿ ಟೆರಾ–ಲೂನಾ ಎಂಬ ನಾಣ್ಯಗಳ ಜೋಡಿ ನೆಲಕಚ್ಚಿತು, ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ಎಂಬ ದೊಡ್ಡ ವಿದೇಶಿ ಎಕ್ಸ್‌ಚೇಂಜ್ ದಿವಾಳಿಯಾಯಿತು. ಬಿಟ್‌ಕಾಯಿನ್ ಹಿಂದಿನ ವರ್ಷದ 69,000 ಡಾಲರ್ ಆಸುಪಾಸಿನಿಂದ 16,000ಕ್ಕೆ ಬಿತ್ತು. ಜಾಹೀರಾತು ನೋಡಿ ಮೊದಲ ಸಂಬಳ ಸುರಿಯಲು ತಯಾರಾಗಿದ್ದ ಎಷ್ಟೋ ಹುಡುಗರನ್ನು ಆ ವರ್ಷದ ತೆರಿಗೆ ಹೆದರಿಸಿ ದೂರ ಇಟ್ಟಿತು ಎಂದು ಅಧಿಕಾರಿಗಳು ಹೇಳಿದರೆ ನಾನು ಇಲ್ಲವೆನ್ನಲಾರೆ. ಆದರೆ ಹೆದರದವರು ಮನೆಯಲ್ಲಿ ಕೂರಲಿಲ್ಲ. ಗಡಿಯಾಚೆಯ ಎಕ್ಸ್‌ಚೇಂಜ್‌ಗಳಿಗೆ ಹೋದರು. ಅಲ್ಲಿ ಟಿಡಿಎಸ್ ಕಡಿತ ಮಾಡುವವರು ಯಾರೂ ಇರಲಿಲ್ಲ. 2022ರ ಫೆಬ್ರುವರಿಯಿಂದ ಅಕ್ಟೋಬರ್‌ವರೆಗೆ 3.8 ಶತಕೋಟಿ ಡಾಲರ್‌ಗೂ ಹೆಚ್ಚಿನ ವಹಿವಾಟು ದೇಶದ ಎಕ್ಸ್‌ಚೇಂಜ್‌ಗಳಿಂದ ಹೊರಕ್ಕೆ ಹೋಯಿತು ಎಂದು ದೆಹಲಿಯ ಎಸ್ಯಾ ಸೆಂಟರ್ ಅಂದಾಜಿಸಿತು. ಈ ಸಂಸ್ಥೆಯ ಅಧ್ಯಯನ ಉದ್ಯಮದ ವಾದಕ್ಕೆ ಹತ್ತಿರವಾದದ್ದು ಎಂಬ ಎಚ್ಚರ ಇಟ್ಟುಕೊಂಡರೂ ದಿಕ್ಕಿನ ಬಗ್ಗೆ ಅನುಮಾನವಿಲ್ಲ. ಟಿಡಿಎಸ್ ಉದ್ದೇಶ ಹಣದ ಜಾಡು ಹಿಡಿಯುವುದಾಗಿದ್ದರೆ, ಅದೇ ಟಿಡಿಎಸ್ ಜಾಡು ಅಳಿಸಿಹೋಗುವ ಕಡೆಗೆ ಜನರನ್ನು ಅಟ್ಟಿತು.

ಸರ್ಕಾರ ಇದಕ್ಕೆ ಉತ್ತರ ಕೊಟ್ಟಿತು, ತುಸು ತಡವಾಗಿ. 2023ರ ಮಾರ್ಚ್ 7ರ ಅಧಿಸೂಚನೆ ಕ್ರಿಪ್ಟೊ ಕಂಪನಿಗಳನ್ನು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ತಂದಿತು. ಗ್ರಾಹಕರ ಗುರುತು ಪರಿಶೀಲಿಸಬೇಕು, ಅನುಮಾನದ ವಹಿವಾಟನ್ನು ಹಣಕಾಸು ಗುಪ್ತಚರ ಘಟಕಕ್ಕೆ ತಿಳಿಸಬೇಕು. ಆ ಡಿಸೆಂಬರ್ 28ರಂದು ಬೈನಾನ್ಸ್, ಕುಕಾಯಿನ್, ಕ್ರಾಕನ್ ಸೇರಿ ಒಂಬತ್ತು ವಿದೇಶಿ ಎಕ್ಸ್‌ಚೇಂಜ್‌ಗಳಿಗೆ ಷೋಕಾಸ್ ನೋಟಿಸ್ ಹೋಯಿತು, ಹೊಸ ವರ್ಷದಲ್ಲಿ ಅವುಗಳ ಜಾಲತಾಣ, ಆ್ಯಪ್‌ಗಳಿಗೆ ತಡೆ ಬಿತ್ತು. ಬೈನಾನ್ಸ್ 2024ರ ಜೂನ್‌ನಲ್ಲಿ 18.82 ಕೋಟಿ ರೂಪಾಯಿ ದಂಡ ಹಾಕಿಸಿಕೊಂಡಿತು, ನೋಂದಣಿ ಮಾಡಿಸಿಕೊಂಡು ಮರಳಿ ಬಂತು. ಸೀತಾರಾಮನ್ ಅವರ ದಾಖಲೆಯಲ್ಲಿ ಅತ್ಯಂತ ಫಲ ಕೊಟ್ಟ ಕ್ರಮ ಇದೇ ಎಂದು ನನಗನಿಸುತ್ತದೆ. ಕ್ರಿಪ್ಟೊ ಸರಿಯೋ ತಪ್ಪೋ ಎಂಬ ಜಗಳಕ್ಕೆ ಹೋಗದೆ, ಈ ವ್ಯಾಪಾರ ಮಾಡುವವರು ಬ್ಯಾಂಕಿನಷ್ಟೇ ಕಟ್ಟುನಿಟ್ಟಾಗಿ ಲೆಕ್ಕ ಇಡಬೇಕು ಎಂದದ್ದಷ್ಟೇ. 2022ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್‌ನ ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಸಭೆಯಲ್ಲಿ ಅವರು ಎಲ್ಲ ದೇಶಗಳಿಗೂ ಇರುವ ದೊಡ್ಡ ಅಪಾಯವೆಂದು ಹೆಸರಿಸಿದ್ದೂ ಹಣದ ಅಕ್ರಮ ಸಾಗಾಟ ಮತ್ತು ಭಯೋತ್ಪಾದನೆಗೆ ಹಣ ಒದಗುವುದನ್ನೇ. ಮಾತಿಗೂ ಕೃತಿಗೂ ಇಲ್ಲಿ ತಾಳೆಯಾಗುತ್ತದೆ.

ಹಾಗೆ ನೋಡಿದರೆ ಒಂದೇ ಸರ್ಕಾರದ ಮೂರು ಕಡತಗಳಲ್ಲಿ ಕ್ರಿಪ್ಟೊಗೆ ಮೂರು ಮುಖ. ತೆರಿಗೆಯವರಿಗೆ ಅದು ಜೂಜಿನ ಗೆಲುವಿನ ಸೋದರ. ಗುಪ್ತಚರ ಘಟಕಕ್ಕೆ ಬ್ಯಾಂಕಿನಂಥ ಜವಾಬ್ದಾರಿ ಇರುವ ಸಂಸ್ಥೆ. ಗ್ರಾಹಕರ ರಕ್ಷಣೆಯ ಪ್ರಶ್ನೆ ಬಂದಾಗ ಅದು ಇಲ್ಲವೇ ಇಲ್ಲ.

ಜಗತ್ತು ಒಪ್ಪುವವರೆಗೆ

ಪೂರ್ಣ ಕಾನೂನು ಏಕೆ ಬರಲಿಲ್ಲ ಎಂಬುದಕ್ಕೆ ಸಚಿವೆ ಕೊಡುತ್ತ ಬಂದ ಕಾರಣ ಒಂದೇ. 2022ರ ಜುಲೈ 18ರಂದು ಲೋಕಸಭೆಗೆ ಕೊಟ್ಟ ಲಿಖಿತ ಉತ್ತರದಲ್ಲಿ ಅದು ಸ್ಪಷ್ಟವಾಗಿದೆ. ಕ್ರಿಪ್ಟೊ ನಿಷೇಧಿಸಬೇಕು ಎಂಬುದು ರಿಸರ್ವ್ ಬ್ಯಾಂಕಿನ ಅಭಿಪ್ರಾಯ ಎಂದು ಮೊದಲು ದಾಖಲಿಸಿದರು. ಆಮೇಲೆ, ಇದಕ್ಕೆ ಗಡಿಗಳಿಲ್ಲ, ಹಾಗಾಗಿ ನಿಯಂತ್ರಿಸುವ ಅಥವಾ ನಿಷೇಧಿಸುವ ಯಾವ ಕಾನೂನೂ ದೇಶಗಳ ನಡುವೆ ಗಟ್ಟಿ ಸಹಕಾರ, ಸಮಾನ ಮಾನದಂಡ ಇಲ್ಲದೆ ಪರಿಣಾಮ ಬೀರದು ಎಂದರು.

ಉತ್ತರದ ಆ ಎರಡು ಭಾಗಗಳ ನಡುವಿನ ಬಿರುಕಿನಲ್ಲೇ ಇಡೀ ಕಥೆ ಇದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಹಾಗೆ, ಮಿಂಟ್ ರಸ್ತೆಯ ರಿಸರ್ವ್ ಬ್ಯಾಂಕಿಗೂ ದೆಹಲಿಯ ಹಣಕಾಸು ಸಚಿವಾಲಯಕ್ಕೂ ಈ ವಿಷಯದಲ್ಲಿ ಒಂದೇ ದಿಕ್ಕು ಇಲ್ಲ. 2022ರ ಬಜೆಟ್ ಮುಗಿದ ಕೆಲವೇ ದಿನಗಳಲ್ಲಿ ಅಂದಿನ ಗವರ್ನರ್ ಶಕ್ತಿಕಾಂತ ದಾಸ್, ಇದಕ್ಕೆ ಒಂದು ಟ್ಯುಲಿಪ್ ಹೂವಿನಷ್ಟೂ ಆಧಾರವಿಲ್ಲ ಎಂದಿದ್ದರು. ಡೆಪ್ಯುಟಿ ಗವರ್ನರ್ ಟಿ. ರಬಿ ಶಂಕರ್, ಹೊಸಬರ ಹಣದಲ್ಲಿ ಹಳಬರಿಗೆ ಲಾಭ ಕೊಟ್ಟು ವಂಚಿಸುವ ಪೊನ್ಜಿ ಯೋಜನೆಗಿಂತ ಕೆಟ್ಟದ್ದಿರಬಹುದು, ನಿಷೇಧವೇ ಸೂಕ್ತ ಎಂದಿದ್ದರು. ಸೀತಾರಾಮನ್ ಎಂದೂ ಅಷ್ಟು ಖಡಾಖಂಡಿತವಾಗಿ ಮಾತಾಡಿದವರಲ್ಲ. 2021ರ ಮಾರ್ಚ್‌ನಲ್ಲೇ, ಎಲ್ಲ ಬಾಗಿಲನ್ನೂ ಮುಚ್ಚುವುದಿಲ್ಲ, ಪ್ರಯೋಗಕ್ಕೆ ಒಂದಿಷ್ಟು ಜಾಗ ಬಿಡುತ್ತೇವೆ ಎಂದಿದ್ದರು. 2024ರ ಮೇ ತಿಂಗಳಲ್ಲಿ ರಾಯಿಟರ್ಸ್ ಮಾಡಿದ ವರದಿಯಂತೆ, ಬೇರೆ ಬೇರೆ ನಿಯಂತ್ರಕರು ಸೇರಿ ಕ್ರಿಪ್ಟೊ ಮೇಲೆ ನಿಗಾ ಇಡಬಹುದು ಎಂದು ಷೇರು ಮಾರುಕಟ್ಟೆ ನಿಯಂತ್ರಕ ಸೆಬಿ ಸರ್ಕಾರಿ ಸಮಿತಿಗೆ ಸಲಹೆ ಕೊಟ್ಟಿತ್ತು, ರಿಸರ್ವ್ ಬ್ಯಾಂಕ್ ಮಾತ್ರ ತನ್ನ ಪಟ್ಟು ಬಿಟ್ಟಿರಲಿಲ್ಲ. ಮನೆಯೊಳಗೆ ಒಮ್ಮತ ಇಲ್ಲದಾಗ ಜಗತ್ತಿನ ಒಮ್ಮತಕ್ಕೆ ಕಾಯುತ್ತಿದ್ದೇವೆ ಎನ್ನುವುದು ರಾಜಕೀಯವಾಗಿ ಅನುಕೂಲದ ಮಾತು.

ಆ ಒಮ್ಮತಕ್ಕಾಗಿ ಸಚಿವೆ ಕೆಲಸ ಮಾಡಲಿಲ್ಲ ಎಂದರೆ ಅನ್ಯಾಯವಾದೀತು. ಜಿ20 ಅಧ್ಯಕ್ಷತೆಯ ವರ್ಷ ಕ್ರಿಪ್ಟೊವನ್ನು ಆದ್ಯತೆಯ ಪಟ್ಟಿಗೆ ತಂದವರು ಅವರೇ. ಹಣಕಾಸು ಸಚಿವರು ಮತ್ತು ಕೇಂದ್ರೀಯ ಬ್ಯಾಂಕ್ ಗವರ್ನರ್‌ಗಳ ಮೊದಲ ಸಭೆ 2023ರ ಫೆಬ್ರುವರಿ 24–25ರಂದು ಬೆಂಗಳೂರಿನಲ್ಲೇ ನಡೆಯಿತು. ಕೇಂದ್ರೀಯ ಬ್ಯಾಂಕಿನ ಬೆಂಬಲ ಇಲ್ಲದ್ದು ಕರೆನ್ಸಿ ಅಲ್ಲ ಎಂಬ ಬಗ್ಗೆ ಸದಸ್ಯರಲ್ಲಿ ಹೆಚ್ಚುಕಡಿಮೆ ಸಹಮತ ಇದೆ ಎಂದು ಅವರು ಅಲ್ಲಿ ಹೇಳಿದರು. ಅಮೆರಿಕದ ಅಂದಿನ ಖಜಾನೆ ಕಾರ್ಯದರ್ಶಿ ಜಾನೆಟ್ ಯೆಲೆನ್ ಮಾತ್ರ, ತಾವು ಪೂರ್ಣ ನಿಷೇಧ ಸೂಚಿಸುತ್ತಿಲ್ಲ, ಬಲವಾದ ನಿಯಂತ್ರಣ ಚೌಕಟ್ಟು ಬೇಕು ಎಂದು ಅದೇ ಊರಿನಲ್ಲಿ ಸ್ಪಷ್ಟಪಡಿಸಿದರು. ಸೆಪ್ಟೆಂಬರ್‌ನಲ್ಲಿ ಐಎಂಎಫ್ ಮತ್ತು ಹಣಕಾಸು ಸ್ಥಿರತಾ ಮಂಡಳಿಯ ಜಂಟಿ ವರದಿ ಬಂತು, ಅಕ್ಟೋಬರ್‌ನಲ್ಲಿ ಮರಾಕೇಶ್‌ನಲ್ಲಿ ಜಿ20 ಅದರ ಮಾರ್ಗಸೂಚಿಯನ್ನು ಅಂಗೀಕರಿಸಿತು. ಆ ವರದಿ ಸಾರಾಸಗಟು ನಿಷೇಧ ದುಬಾರಿ, ಜಾರಿ ಕಷ್ಟ ಎಂದು ಹೇಳಿ, ಸಮಗ್ರ ನಿಯಂತ್ರಣದ ದಾರಿ ತೋರಿಸಿತು. ಭಾರತ ಕೇಳಿದ ಮಾನದಂಡ ಭಾರತದ ಅಧ್ಯಕ್ಷತೆಯಲ್ಲೇ ಸಿಕ್ಕಿತು.

ಆಮೇಲೆ ಇತರರು ಕಾಯಲಿಲ್ಲ. ಕ್ರಿಪ್ಟೊ ಮಾರುಕಟ್ಟೆಯನ್ನು ನಿಯಂತ್ರಿಸುವ ಯುರೋಪ್ ಒಕ್ಕೂಟದ ಮೈಕಾ ಕಾನೂನು 2024ರ ಡಿಸೆಂಬರ್ 30ರಿಂದ ಪೂರ್ತಿ ಜಾರಿಗೆ ಬಂತು. ಡಾಲರ್ ಆಧಾರಿತ ಸ್ಟೇಬಲ್‌ಕಾಯಿನ್‌ಗಳಿಗೆ (ಬೆಲೆ ಏರಿಳಿಯದಂತೆ ಕರೆನ್ಸಿಯೊಂದಕ್ಕೆ ಕಟ್ಟಿದ ಕ್ರಿಪ್ಟೊ ನಾಣ್ಯಗಳಿಗೆ) ನಿಯಮ ರೂಪಿಸುವ ಜೀನಿಯಸ್ ಕಾಯ್ದೆಗೆ ಅಮೆರಿಕದಲ್ಲಿ 2025ರ ಜುಲೈ 18ರಂದು ಸಹಿ ಬಿತ್ತು. ನಮ್ಮಲ್ಲಿ 2024ರಲ್ಲಿ ಬರಬೇಕಿದ್ದ ಚರ್ಚಾ ಪತ್ರ ಮುಂದೆ ಮುಂದೆ ಹೋಯಿತು. ಜಾಗತಿಕ ಒಮ್ಮತದ ವಾದಕ್ಕೆ 2022ರಲ್ಲಿ ತೂಕವಿತ್ತು. 2023ರ ಅಕ್ಟೋಬರ್ ನಂತರ ಅದು ನೆಪದಂತೆ ಕೇಳಿಸುತ್ತದೆ.

ಕಾನೂನು ಇಲ್ಲದಿರುವುದರ ಬೆಲೆ ಯಾರು ತೆರುತ್ತಾರೆ ಎಂಬುದು 2024ರ ಜುಲೈ 18ರಂದು ಗೊತ್ತಾಯಿತು. ಆ ದಿನ ವಜೀರ್‌ಎಕ್ಸ್ ಎಕ್ಸ್‌ಚೇಂಜ್‌ನ ವ್ಯಾಲೆಟ್ (ನಾಣ್ಯ ಇಡುವ ಡಿಜಿಟಲ್ ಪೆಟ್ಟಿಗೆ) ಒಂದಕ್ಕೆ ಕನ್ನ ಹಾಕಿ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೊ ದೋಚಲಾಯಿತು. ಗ್ರಾಹಕರ ಆಸ್ತಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು. ಇಟ್ಟವರು ಭಾರತೀಯರು, ಪ್ಯಾನ್ ಕಾರ್ಡ್ ಕೊಟ್ಟಿದ್ದವರು, ಟಿಡಿಎಸ್ ಕಡಿತ ಮಾಡಿಸಿಕೊಂಡವರು. ನ್ಯಾಯಕ್ಕಾಗಿ ಅವರು ನೋಡಬೇಕಾಗಿ ಬಂದದ್ದು ಸಿಂಗಪುರದ ಹೈಕೋರ್ಟಿನ ಕಡೆಗೆ, ಏಕೆಂದರೆ ಪುನರ್‌ರಚನೆಗೆ ಅರ್ಜಿ ಹಾಕಿದ ಮಾತೃಸಂಸ್ಥೆ ಅಲ್ಲಿಯದು. ಬ್ಯಾಂಕ್ ಮುಳುಗಿದರೆ 5 ಲಕ್ಷದವರೆಗೆ ಠೇವಣಿ ವಿಮೆ ಇದೆ, ಷೇರು ದಲ್ಲಾಳಿ ಮೋಸ ಮಾಡಿದರೆ ಸೆಬಿ ಇದೆ. ಇಲ್ಲಿ ದೂರು ಯಾರಿಗೆ? ಸೈಬರ್ ಠಾಣೆಗೆ. ಸಂತ್ರಸ್ತರ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ನೀತಿಯ ವಿಷಯವೆಂದು ಕೈಗೆತ್ತಿಕೊಳ್ಳಲಿಲ್ಲ. ಎಕ್ಸ್‌ಚೇಂಜ್ ಮತ್ತೆ ತೆರೆದದ್ದು 2025ರ ಅಕ್ಟೋಬರ್‌ನಲ್ಲಿ, ಹದಿನೈದು ತಿಂಗಳ ಮೇಲೆ.

ಆ ಕನ್ನದ ಮರುವರ್ಷ, 2025ರ ಜುಲೈ ತಿಂಗಳಲ್ಲಿ, ಕಾಯಿನ್‌ಡಿಸಿಎಕ್ಸ್ ಎಂಬ ಇನ್ನೊಂದು ಎಕ್ಸ್‌ಚೇಂಜ್ 4.4 ಕೋಟಿ ಡಾಲರ್ ಕಳೆದುಕೊಂಡಿತು. ಬೆಂಗಳೂರು ಪೊಲೀಸರು ಕಂಪನಿಯ ಉದ್ಯೋಗಿಯೊಬ್ಬನನ್ನು ಬಂಧಿಸಿದರು, ಅವನ ಲ್ಯಾಪ್‌ಟಾಪ್ ಮೂಲಕ ಒಳನುಗ್ಗಿದ್ದರು ಎಂಬುದು ಆರೋಪ. ಕಂಪನಿ ನಷ್ಟವನ್ನು ತನ್ನ ಮೀಸಲು ನಿಧಿಯಿಂದ ತುಂಬಿಕೊಂಡಿತು, ಗ್ರಾಹಕರಿಗೆ ಪೆಟ್ಟು ಬೀಳಲಿಲ್ಲ. ತುಂಬಿಕೊಳ್ಳಲೇಬೇಕೆಂಬ ನಿಯಮ ಇತ್ತೇ ಎಂದರೆ ಇರಲಿಲ್ಲ. ಒಂದು ಕಡೆ ಮಾಲೀಕರಿಗೆ ತಾಕತ್ತಿತ್ತು, ಇನ್ನೊಂದು ಕಡೆ ಇರಲಿಲ್ಲ. ಮೀಸಲು ನಿಧಿ ಎಷ್ಟಿರಬೇಕು, ಗ್ರಾಹಕರ ನಾಣ್ಯವನ್ನು ಕಂಪನಿಯ ನಾಣ್ಯದಿಂದ ಬೇರ್ಪಡಿಸಿ ಇಡಬೇಕೇ, ಲೆಕ್ಕ ಪರಿಶೋಧನೆ ಯಾರು ಮಾಡಬೇಕು ಎಂಬುದನ್ನೆಲ್ಲ ಹೇಳುವುದು ಒಂದು ಸಾಧಾರಣ ನಿಯಂತ್ರಣ ಕಾನೂನಿನ ಮೊದಲ ಅಧ್ಯಾಯದ ಕೆಲಸ.

ಪೊಲೀಸರ ಪಾಡೂ ಅಷ್ಟೆ. 2021ರ ಜನವರಿಯಲ್ಲಿ ಬೆಂಗಳೂರಿನ ಸಿಸಿಬಿ, ಹ್ಯಾಕರ್ ಒಬ್ಬನಿಂದ 9 ಕೋಟಿ ಮೌಲ್ಯದ 31 ಬಿಟ್‌ಕಾಯಿನ್ ವಶಪಡಿಸಿಕೊಂಡೆವು ಎಂದು ಹೇಳಿತು. ಆ ವರ್ಷದ ಕೊನೆಗೆ ಅದು ಎಲ್ಲಿದೆ, ಯಾರ ವ್ಯಾಲೆಟ್‌ನಲ್ಲಿದೆ, ನಿಜಕ್ಕೂ ಸಿಕ್ಕಿತ್ತೇ ಎಂಬುದೇ ರಾಜ್ಯ ರಾಜಕಾರಣದ ದೊಡ್ಡ ಗದ್ದಲವಾಯಿತು. 2023ರಲ್ಲಿ ವಿಶೇಷ ತನಿಖಾ ತಂಡ ಬಂತು, ತನಿಖೆ ಮಾಡಿದ್ದ ಪೊಲೀಸರೇ ಆರೋಪಿಗಳಾದರು. ಭ್ರಷ್ಟಾಚಾರದ ಪ್ರಶ್ನೆ ನ್ಯಾಯಾಲಯಕ್ಕೆ ಬಿಟ್ಟದ್ದು. ಆದರೆ ವಶಪಡಿಸಿಕೊಂಡ ಡಿಜಿಟಲ್ ನಾಣ್ಯವನ್ನು ಯಾರು, ಹೇಗೆ ಇಟ್ಟುಕೊಳ್ಳಬೇಕು ಎಂಬ ವಿಧಾನ ಕೇಂದ್ರದ ಕಾನೂನಿನಲ್ಲಿ ಇದ್ದಿದ್ದರೆ ಅನುಮಾನಕ್ಕೆ ಇಷ್ಟು ಜಾಗ ಸಿಗುತ್ತಿರಲಿಲ್ಲ.

ಸಂಸತ್ತು ಬಿಟ್ಟ ಜಾಗವನ್ನು ಈಗ ನ್ಯಾಯಾಲಯಗಳು ತುಂಬುತ್ತಿವೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಸೂರ್ಯಕಾಂತ್ ನೇತೃತ್ವದ ಪೀಠ, ಇದು ನಯಗೊಳಿಸಿದ ಹವಾಲಾದಂತಿದೆ, ಕೇಂದ್ರ ಸ್ಪಷ್ಟ ನೀತಿ ಏಕೆ ತರುತ್ತಿಲ್ಲ ಎಂದು ಕೇಳಿತು. ಅಕ್ಟೋಬರ್‌ನಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಕೊಟ್ಟ ಆದೇಶ ಇನ್ನೂ ಮುಖ್ಯ. ವಜೀರ್‌ಎಕ್ಸ್‌ನಲ್ಲಿ ಸುಮಾರು 2 ಲಕ್ಷ ರೂಪಾಯಿ ಹಾಕಿದ್ದ ಮಹಿಳೆಯೊಬ್ಬರ ಅರ್ಜಿಯಲ್ಲಿ, ಕ್ರಿಪ್ಟೊ ಮುಟ್ಟಿ ನೋಡುವ ವಸ್ತು ಅಲ್ಲ, ಕರೆನ್ಸಿಯೂ ಅಲ್ಲ, ಆದರೂ ಒಡೆತನಕ್ಕೆ ಒಳಪಡುವ, ಇನ್ನೊಬ್ಬರ ಪರವಾಗಿ ನಂಬಿಕೆಯ ಮೇಲೆ ಇಟ್ಟುಕೊಳ್ಳಬಹುದಾದ ಆಸ್ತಿ ಎಂದರು. ಆ ವಾದಕ್ಕೆ ಅವರು ಬಳಸಿಕೊಂಡ ಆಧಾರಗಳಲ್ಲಿ ಒಂದು, ಸೀತಾರಾಮನ್ ತೆರಿಗೆ ಹಾಕಲೆಂದು 2022ರಲ್ಲಿ ಸೇರಿಸಿದ ‘ವರ್ಚುವಲ್ ಡಿಜಿಟಲ್ ಆಸ್ತಿ’ಯ ವ್ಯಾಖ್ಯೆ. ವಸೂಲಿಗೆ ಬರೆದ ವಾಕ್ಯ ಹಕ್ಕಿಗೆ ಒದಗಿತು. ಇದನ್ನು ಸಚಿವೆ ಉದ್ದೇಶಿಸಿದ್ದರೆಂದು ನನಗನಿಸುವುದಿಲ್ಲ.

ಹಣಕಾಸು ಮಸೂದೆಯ ದಾರಿಯ ಬಗ್ಗೆ ಒಂದು ತಕರಾರು ಉಳಿಯುತ್ತದೆ. ಅದು ಹಣ ಮಸೂದೆಯಾಗಿ ಬರುತ್ತದೆ. ರಾಜ್ಯಸಭೆ ಅದಕ್ಕೆ ಹದಿನಾಲ್ಕು ದಿನಗಳೊಳಗೆ ಶಿಫಾರಸು ಮಾಡಬಹುದು, ತಿದ್ದುವಂತಿಲ್ಲ. ಅಂದರೆ ಕರ್ನಾಟಕ ಸೀತಾರಾಮನ್ ಅವರನ್ನು ಕಳಿಸಿದ ಸದನಕ್ಕೇ, ಅವರು ಬರೆದ ಕ್ರಿಪ್ಟೊ ನಿಯಮಗಳ ಮೇಲೆ ಬಲವಾದ ಮಾತಿರಲಿಲ್ಲ. ಒಂದು ನಾಣ್ಯದ ನಷ್ಟವನ್ನು ಇನ್ನೊಂದರಲ್ಲಿ ಕಳೆಯಬಾರದು ಎಂಬಂಥ ನಿಯಮ ಸ್ಥಾಯಿ ಸಮಿತಿಯ ಮುಂದೆ ಹೋಗಿ, ಸಾಕ್ಷಿ ಕೇಳಿ, ವರದಿಯಾಗಿ ಬಂದಿದ್ದರೆ ಇದೇ ರೂಪದಲ್ಲಿ ಉಳಿಯುತ್ತಿತ್ತೇ ಎಂಬುದು ಅನುಮಾನ.

ಸಚಿವೆಯ ದನಿ ಇತ್ತೀಚೆಗೆ ತುಸು ಬದಲಾಗಿದೆ. 2025ರ ಅಕ್ಟೋಬರ್‌ನಲ್ಲಿ ದೆಹಲಿಯ ಕೌಟಿಲ್ಯ ಆರ್ಥಿಕ ಸಮಾವೇಶದಲ್ಲಿ ಸ್ಟೇಬಲ್‌ಕಾಯಿನ್‌ಗಳನ್ನು ಹೆಸರಿಸಿ, ನಾವು ಸ್ವಾಗತಿಸಲಿ ಬಿಡಲಿ, ಇಂಥ ವ್ಯವಸ್ಥೆಗಳ ಜೊತೆ ವ್ಯವಹರಿಸಲು ದೇಶಗಳು ತಯಾರಾಗಬೇಕು, ಇಲ್ಲವಾದರೆ ಹೊರಗುಳಿಯುವ ಅಪಾಯವಿದೆ ಎಂಬ ಧಾಟಿಯಲ್ಲಿ ಮಾತಾಡಿದರು. ಇದನ್ನು ಕ್ರಿಪ್ಟೊಗೆ ಹಸಿರು ನಿಶಾನೆ ಎಂದು ಉದ್ಯಮದವರು ಸಂಭ್ರಮಿಸಿದ್ದು ಅವಸರದ ಮಾತು. ಡಾಲರಿನ ಬೆನ್ನಿರುವ ನಾಣ್ಯಗಳು ಅಮೆರಿಕದ ಕಾನೂನಿನ ಬಲದಿಂದ ಜಗತ್ತಿಗೆಲ್ಲ ಹರಡಿದರೆ ರೂಪಾಯಿಯ ಗತಿಯೇನು ಎಂಬ ಚಿಂತೆ ಆ ಮಾತಿನಲ್ಲಿ ಇದ್ದಷ್ಟು ಉತ್ಸಾಹ ಇರಲಿಲ್ಲ. ಆದರೂ, ಉಳಿದವರು ಒಪ್ಪಲಿ ಎಂದು ಕಾಯುವ ಮಾತಿಗೂ ಉಳಿದವರು ಹೊರಟುಬಿಟ್ಟರು ಎಂಬ ಮಾತಿಗೂ ದೂರ ಇದೆ.

ಇಷ್ಟರ ನಡುವೆ ತೆರಿಗೆಯ ಬಲೆ ಮಾತ್ರ ಅಗಲವಾಗುತ್ತಲೇ ಇದೆ. ಕ್ರಿಪ್ಟೊ ಗಳಿಕೆಯನ್ನು ಬಚ್ಚಿಟ್ಟರೆ ಅದನ್ನು ಅಘೋಷಿತ ಆದಾಯದ ಲೆಕ್ಕಕ್ಕೆ ಸೇರಿಸುವ ತಿದ್ದುಪಡಿ 2025ರ ಬಜೆಟ್‌ನಲ್ಲಿ ಬಂತು, ಎಕ್ಸ್‌ಚೇಂಜ್‌ಗಳು 2026ರ ಏಪ್ರಿಲ್‌ನಿಂದ ಗ್ರಾಹಕರ ವಹಿವಾಟಿನ ವಿವರವನ್ನು ಇಲಾಖೆಗೆ ಒಪ್ಪಿಸಬೇಕೆಂಬ ನಿಯಮವೂ ಅದರಲ್ಲೇ ಇತ್ತು. ಸಿರಿವಂತ ದೇಶಗಳ ಕೂಟವಾದ ಒಇಸಿಡಿಯ ಕ್ರಿಪ್ಟೊ ಮಾಹಿತಿ ವಿನಿಮಯ ಒಪ್ಪಂದಕ್ಕೆ 2027ರಿಂದ ಸೇರಿಕೊಳ್ಳುವುದು ಭಾರತದ ಗುರಿ. ಟಿಡಿಎಸ್ ತಪ್ಪಿಸಿಕೊಳ್ಳಲು ಹೊರದೇಶದ ಎಕ್ಸ್‌ಚೇಂಜ್ ಹಿಡಿದವರು ಅಲ್ಲಿ ಮಾಡಿದ ಲಾಭವೂ ಆಗ ಇಲ್ಲಿನ ಕಂಪ್ಯೂಟರಿಗೆ ಬಂದು ಬೀಳುತ್ತದೆ, ಹಾಗಾಗಿ ರಿಟರ್ನ್ಸ್‌ನ ವರ್ಚುವಲ್ ಡಿಜಿಟಲ್ ಆಸ್ತಿ (ವಿಡಿಎ) ಅನುಸೂಚಿಯನ್ನು ಖಾಲಿ ಬಿಟ್ಟವರು ಈಗಲೇ ಲೆಕ್ಕಪರಿಶೋಧಕರನ್ನು ಕಾಣುವುದು ಒಳ್ಳೆಯದು. ದೇಶ ಬಿಟ್ಟು ದೇಶಕ್ಕೆ ಮಾಹಿತಿ ತರಿಸಿಕೊಳ್ಳುವ ಈ ವ್ಯವಸ್ಥೆಗೆ ಜಗತ್ತಿನ ಸಹಕಾರ ಸಿಕ್ಕಿದೆ. ಎಕ್ಸ್‌ಚೇಂಜ್ ಮುಳುಗಿದರೆ ಗ್ರಾಹಕ ಯಾವ ಕಚೇರಿಗೆ ಹೋಗಬೇಕು ಎಂದು ತೀರ್ಮಾನಿಸಲು ಯಾವ ದೇಶದ ಸಹಕಾರವೂ ಬೇಕಿಲ್ಲ, ಅದಕ್ಕೊಂದು ಮಸೂದೆ ಸಾಕು. ಕರ್ನಾಟಕದಿಂದ ಸೀತಾರಾಮನ್ ಅವರ ರಾಜ್ಯಸಭಾ ಅವಧಿ 2028ರ ಜೂನ್‌ವರೆಗೆ ಇದೆ.